ಕಡಲ ಗಾಳಿ, ದಡದ ತಂತಿ

ಆಷಾಢದ ದಿನಗಳಲ್ಲಿ ಧಾರೇಶ್ವರದ ಕಡಲ ದಂಡೆಯಲ್ಲಿ ನಿಂತವರಿಗೆ, ಈ ಗಾಳಿಯಿಂದ ವಿದ್ಯುತ್ತನ್ನೇಕೆ ಪಡೆಯಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಡೆನ್ಮಾರ್ಕಿನವರು 1991ರಲ್ಲಿಯೇ ವಿಂಡೆಬಿ ಎಂಬಲ್ಲಿ ಕಡಲೊಳಗೆ 11 ಗಾಳಿಯಂತ್ರಗಳನ್ನು ನಿಲ್ಲಿಸಿ, ಅದು ಸಾಧ್ಯವೆಂದು ತೋರಿಸಿದರು. ಆದರೆ ಯಂತ್ರ ತಿರುಗಿದ ಮಾತ್ರಕ್ಕೆ ಮನೆಯಲ್ಲಿ ದೀಪ ಹತ್ತುವುದಿಲ್ಲ. ನಡುವೆ ಕಡಲ ತಳದಲ್ಲಿ ಕೇಬಲ್ಲೊಂದು ಇರಬೇಕು. ಇಂತಹ ಯೋಜನೆಗಳ ಮಾತು ಬಂದಾಗಲೆಲ್ಲ ಜನರು ಮೊದಲು ಗೋಪುರಗಳನ್ನೆಣಿಸುತ್ತಾರೆ, ಕೇಬಲ್ಲನ್ನು ಕೊನೆಗೆ ನೆನೆಯುತ್ತಾರೆ. ಈ ಕ್ರಮ ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ.

ಕೇಬಲ್ಲಿನ ನಡುವೆ ಲೋಹದ ಎಳೆಯಿದೆ. ಅದರ ಸುತ್ತ ಅವಾಹಕದ ಹೊದಿಕೆ. ಅದರ ಹೊರಗೆ ಮತ್ತೆ ಲೋಹದ ಕವಚ. ಎರಡು ಲೋಹಗಳ ನಡುವೆ ಅವಾಹಕವಿದ್ದರೆ ಅದು ಕೆಪ್ಯಾಸಿಟರ್ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಪರ್ಯಾಯ ಪ್ರವಾಹವು ಸೆಕೆಂಡಿಗೆ 50 ಆವರ್ತಗಳಂತೆ ಇದನ್ನು ತುಂಬುತ್ತ, ಬರಿದುಮಾಡುತ್ತ ಇರಬೇಕಾಗುತ್ತದೆ. ಲೆಕ್ಕ ಹಾಕಿ ನೋಡಿರಿ. ಕಿಲೋಮೀಟರಿಗೆ 0.2 ಮೈಕ್ರೋಫ್ಯಾರಡ್ ಎಂದಿಟ್ಟುಕೊಂಡರೆ, 220 ಕಿಲೋವೋಲ್ಟಿನ ಮೂರು ಫೇಸಿನ ಕೇಬಲ್ಲಿನಲ್ಲಿ ಪ್ರತಿ ಎಳೆಗೂ ಕಿಲೋಮೀಟರಿಗೆ ಸುಮಾರು 8 ಆಂಪಿಯರ್ ಈ ಕೆಲಸಕ್ಕೇ ಬೇಕು. ನೂರು ಕಿಲೋಮೀಟರಿಗೆ 800! ಅಂತಹ ಎಳೆ ತಾಳಬಲ್ಲ ಪ್ರವಾಹವೇ ಬಹುಮಟ್ಟಿಗೆ ಅಷ್ಟು. ಹಮಾಲಿಯ ಕೂಲಿಗೇ ಮೂಟೆಯ ಬೆಲೆಯೆಲ್ಲ ತೀರಿದಂತಾಯಿತು.

ಏಕಮುಖ ಪ್ರವಾಹಕ್ಕೆ ಈ ಕಾಟವಿಲ್ಲ. ಕೆಪ್ಯಾಸಿಟರ್ ಒಮ್ಮೆ ತುಂಬಿದರೆ ಮುಗಿಯಿತು. ಸ್ವೀಡನ್ನಿನವರು 1954ರಲ್ಲಿ ಗಾಟ್ಲೆಂಡ್ ದ್ವೀಪಕ್ಕೆ ಕಡಲಡಿಯಲ್ಲಿ ವಿದ್ಯುತ್ತನ್ನು ಒಯ್ದುದು ಹೀಗೆಯೇ. ನಮಗೂ ಇದು ಹೊಸತಲ್ಲ: ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ, ನೆಲದ ಮೇಲಿನ ತಂತಿಯಲ್ಲಿಯೇ ಆದರೂ, 2003ರಿಂದ ಏಕಮುಖ ಪ್ರವಾಹ ಹರಿಯುತ್ತಿದೆ. ಆದರೆ ಎರಡೂ ತುದಿಗಳಲ್ಲಿ ಪರಿವರ್ತಕ ಕೇಂದ್ರಗಳು ಬೇಕು. ಅವು ಬಹಳ ದುಬಾರಿ. ಆದ್ದರಿಂದ ದಡಕ್ಕೆ ಸಮೀಪವಿರುವ ಯಂತ್ರಗಳಿಗೆ ಪರ್ಯಾಯ ಪ್ರವಾಹವೇ ಲೇಸು.

ಕೇಂದ್ರ ಸಚಿವ ಸಂಪುಟವು 2024ರ ಜೂನ್ ತಿಂಗಳಲ್ಲಿ ಗುಜರಾತ್ ಮತ್ತು ತಮಿಳುನಾಡುಗಳ ಕಡಲಿನಲ್ಲಿ ತಲಾ 500 ಮೆಗಾವಾಟಿನ ಯೋಜನೆಗೆ ನೆರವು ನೀಡಲು ಒಪ್ಪಿದಾಗ, ವಿದ್ಯುತ್ತನ್ನು ಸಾಗಿಸುವ ಏರ್ಪಾಟನ್ನು ಪವರ್ ಗ್ರಿಡ್ ಸಂಸ್ಥೆಗೆ ವಹಿಸಿತು. ಇದು ಸರಿಯಾದ ನಡೆ. ಕರ್ನಾಟಕದ ಕಡಲು ಆ ಯೋಜನೆಯಲ್ಲಿರಲಿಲ್ಲ. ಅದಕ್ಕಾಗಿ ಕೊರಗಬೇಕಾಗಿಲ್ಲ, ನಮಗೆ ಯೋಚಿಸಲು ಬಿಡುವು ದೊರೆಯಿತೆಂದೇ ನಾವು ಭಾವಿಸುತ್ತೇವೆ. ಕೇಬಲ್ಲು ಯಾವ ಊರಿನ ದಂಡೆಯಲ್ಲಿ ಮೇಲಕ್ಕೆ ಬರಬೇಕು? ಮೀನುಗಾರರ ಬಲೆಗೂ ಲಂಗರಿಗೂ ಸಿಕ್ಕದಂತೆ ಅದನ್ನು ಎಷ್ಟು ಆಳದಲ್ಲಿ ಹೂಳಬೇಕು? ಅಲ್ಲಿಂದ ಮುಂದೆ ಘಟ್ಟವೇರಲು ಕಾಡಿನಲ್ಲಿ ಹೊಸ ಪಟ್ಟಿಯನ್ನು ಕಡಿಯಬೇಕೆ, ಕೈಗಾ ಮತ್ತು ಶರಾವತಿಯ ತಂತಿಗಳ ಹಳೆಯ ದಾರಿಯೇ ಸಾಕೆ? ಗೋಪುರದ ನಕ್ಷೆ ಬರೆಯುವುದಕ್ಕೆ ಮುಂಚೆ ಕಡಲಿಗಿಳಿಯುವವರನ್ನು ಕೂರಿಸಿಕೊಂಡು ಇದನ್ನು ತೀರ್ಮಾನಿಸಬೇಕು.

ಶರಾವತಿಯ ಜಾಲಕ್ಕೆ ಸೇರಿಸುವುದರಲ್ಲಿ ಇನ್ನೊಂದು ಲಾಭವೂ ಉಂಟು. ನಮ್ಮ ಕಡಲ ಗಾಳಿ ಬಿರುಸಾಗುವುದು ಮಳೆಗಾಲದಲ್ಲಿ. ಲಿಂಗನಮಕ್ಕಿ ಜಲಾಶಯ ತುಂಬುವುದೂ ಆಗಲೇ. ಆ ತಿಂಗಳುಗಳಲ್ಲಿ ಗಾಳಿಯ ವಿದ್ಯುತ್ತನ್ನು ಬಳಸಿದರೆ, ಅಷ್ಟು ನೀರು ಚೈತ್ರ ವೈಶಾಖಗಳಿಗೆ ಉಳಿದೀತು.