ಹೆಸರು ಕಿತ್ತುಕೊಂಡವರು ಅಲ್ಲಿಗೇ ನಿಲ್ಲುವುದಿಲ್ಲ

ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಲ್ಲಿ ಆಳುವವರು ಬದಲಾಗಿದ್ದಾರೆ. ಅಲ್ಲಿನ 17 ಟೌನ್‌ಶಿಪ್‌ಗಳ ಪೈಕಿ 14 ಸೈನ್ಯದ ಕೈತಪ್ಪಿ ಅರಾಕಾನ್ ಆರ್ಮಿ ಎಂಬ ಬಂಡುಕೋರ ಪಡೆಯ ವಶಕ್ಕೆ ಹೋಗಿವೆ. 2024ರ ಮೇ ತಿಂಗಳಲ್ಲಿ ಬುಥಿಡೌಂಗ್, ಅದೇ ವರ್ಷದ ಡಿಸೆಂಬರ್‌ನಲ್ಲಿ ಮೌಂಗ್ಡಾ ಅದರ ಕೈಸೇರಿದವು. ಎರಡೂ ರೊಹಿಂಗ್ಯಾ ಮುಸ್ಲಿಮರು ತಲೆಮಾರುಗಳಿಂದ ಬದುಕಿದ ಸೀಮೆಗಳು. ಧ್ವಜ ಬದಲಾಯಿತು, ಅವರನ್ನು ಕರೆಯುವ ಹೆಸರು ಮಾತ್ರ ಹಳೆಯದೇ ಉಳಿಯಿತು. ಬೆಂಗಾಲಿಗಳನ್ನು ಬೆಂಗಾಲಿಗಳೆಂದು ಕರೆಯುವುದರಲ್ಲಿ ತಪ್ಪೇನೂ ಇಲ್ಲ ಎಂದು ಆ ಪಡೆಯ ಮುಖ್ಯಸ್ಥ ತ್ವಾನ್ ಮ್ರಾತ್ ನೈಂಗ್ 2024ರ ಮಾರ್ಚ್‌ನಲ್ಲೇ ಜಾಲತಾಣದಲ್ಲಿ ಬರೆದಿದ್ದರು. ಅವರು ನಮ್ಮ ನೆರೆಹೊರೆಯವರು, ಸ್ನೇಹಿತರು ಎಂದೂ ಅದೇ ಬರಹದಲ್ಲಿ ಹೇಳಿದ್ದರು. ಆದರೂ ಅದಾದ ಮೇಲೆ ಜನ ಮತ್ತೆ ಗಡಿ ದಾಟತೊಡಗಿದರು. ಹದಿನೆಂಟು ತಿಂಗಳಲ್ಲಿ ಒಂದೂವರೆ ಲಕ್ಷ ರೊಹಿಂಗ್ಯಾಗಳು ಹೊಸದಾಗಿ ಬಾಂಗ್ಲಾದೇಶಕ್ಕೆ ಬಂದಿದ್ದಾರೆ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2025ರ ಜುಲೈನಲ್ಲಿ ತಿಳಿಸಿತು.

ನಮ್ಮಲ್ಲಿ ಬಂಗಾಳಿ ಎಂದರೆ ಒಂದು ಭಾಷೆ, ಒಂದು ಸೀಮೆಯ ಜನ. ರಖೈನ್‌ನಲ್ಲಿ ಅದೇ ಮಾತಿಗೆ ‘ನೀನು ಈ ನೆಲದವನಲ್ಲ’ ಎಂಬ ಅರ್ಥ ಮಾತ್ರ ಇದೆ. ಹಾಗಾಗಿ ಅಲ್ಲಿನ ಜಗಳ ಬರಿಯ ಹೆಸರಿನದಲ್ಲ, ಪೌರತ್ವದ್ದು. ಹೆಸರಿನ ಜಗಳ ಕೊಲೆಯ ತನಕ ಹೇಗೆ ನಡೆದುಹೋಯಿತು ಎಂಬುದನ್ನು ಕನ್ನಡಿಗರೂ ಈಗ ನಿಧಾನವಾಗಿ ಓದಿಕೊಳ್ಳಬೇಕಾಗಿದೆ.

ಈ ಹೆಸರಿನ ಹಳೆಯ ಸಾಕ್ಷಿಯೊಂದು ನಮಗೆ ಚೆನ್ನಾಗಿ ಗೊತ್ತಿರುವವನ ಬರಹದಲ್ಲೇ ಇದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬೆಳೆ, ಕಸುಬು, ಜಾತಿಗಳ ವಿವರ ಬರೆದುಕೊಂಡ ವೈದ್ಯ ಫ್ರಾನ್ಸಿಸ್ ಬುಕಾನನ್ ಅದಕ್ಕೂ ಮೊದಲು, 1795ರಲ್ಲಿ, ಮೈಕೆಲ್ ಸೈಮ್ಸ್‌ನ ರಾಯಭಾರದ ಜೊತೆ ಬರ್ಮಾಕ್ಕೆ ಹೋಗಿಬಂದಿದ್ದ. ಅಲ್ಲಿನ ಭಾಷೆಗಳ ಬಗ್ಗೆ 1799ರಲ್ಲಿ ಆತ ಪ್ರಕಟಿಸಿದ ಲೇಖನದಲ್ಲಿ, ಅರಾಕಾನ್‌ನಲ್ಲಿ, ಅಂದರೆ ಇಂದಿನ ರಖೈನ್‌ನಲ್ಲಿ, ಬಹುಕಾಲದಿಂದ ನೆಲೆಸಿದ ಮುಸ್ಲಿಮರು ತಮ್ಮನ್ನು ‘ರೂಯಿಂಗಾ’ ಎಂದು ಕರೆದುಕೊಳ್ಳುತ್ತಾರೆಂಬ ದಾಖಲೆ ಇದೆ. ನಮ್ಮ ಊರುಗಳ ಇತಿಹಾಸ ಬರೆಯುವವರು ಇಂದಿಗೂ ಬುಕಾನನ್‌ನ ಪುಟ ತಿರುವುತ್ತಾರೆ. ಅರಾಕಾನ್‌ನವರಿಗೆ ಅದೇ ಬುಕಾನನ್ ಬರೆದ ಒಂದು ವಾಕ್ಯ ಬದುಕಿನ ಪ್ರಶ್ನೆ. ಮ್ಯಾನ್ಮಾರ್‌ನ 1982ರ ಪೌರತ್ವ ಕಾಯ್ದೆಯ ಪ್ರಕಾರ 1823ಕ್ಕೂ ಮೊದಲು, ಅಂದರೆ ಮೊದಲ ಆಂಗ್ಲೋ-ಬರ್ಮಾ ಯುದ್ಧಕ್ಕೂ ಮುಂಚೆ, ನೆಲೆಸಿದ್ದ ಜನಾಂಗಗಳಷ್ಟೇ ಹುಟ್ಟು ಪ್ರಜೆಗಳು.

ಎದುರು ವಾದವೂ ಇದೆ. 1826ರ ನಂತರ ಬ್ರಿಟಿಷರು ಅರಾಕಾನ್‌ನ ಭತ್ತದ ಗದ್ದೆಗಳಿಗೆ ಚಿತ್ತಗಾಂಗ್ ಕಡೆಯಿಂದ ದೊಡ್ಡ ಸಂಖ್ಯೆಯಲ್ಲಿ ಕೂಲಿಗಳನ್ನು ತಂದದ್ದು ನಿಜ. ರೊಹಿಂಗ್ಯಾ ಎಂಬುದು ಒಂದು ರಾಜಕೀಯ ಗುರುತಾಗಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಎಂದು ಹೇಳುವ ಇತಿಹಾಸಕಾರರಿದ್ದಾರೆ. ರಖೈನ್ ಬೌದ್ಧರ ನೋವೂ ಸುಳ್ಳಲ್ಲ. ಅವರ ಸ್ವಂತ ರಾಜ್ಯವನ್ನು ಬರ್ಮಾದ ದೊರೆ 1784-85ರಲ್ಲಿ ನುಂಗಿದ. 1942ರಲ್ಲಿ ಎರಡೂ ಕೋಮುಗಳು ಪರಸ್ಪರ ಕೊಂದುಕೊಂಡವು. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಹೆಸರಿಗೆ ಎಷ್ಟು ವಯಸ್ಸಾಗಿದೆ ಎಂದು ಅಳೆದು ಅದನ್ನು ಇಟ್ಟುಕೊಂಡವರ ಮನೆ, ಗದ್ದೆ, ಮತದಾನದ ಹಕ್ಕನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆ? ಇತಿಹಾಸಕಾರರ ಚರ್ಚೆ ಪೊಲೀಸರ ಕೈಗೆ ಹೋದಾಗ ಅದು ಚರ್ಚೆಯಾಗಿ ಉಳಿಯುವುದಿಲ್ಲ.

ಸ್ವತಂತ್ರ ಬರ್ಮಾಕ್ಕೆ ಆರಂಭದಲ್ಲಿ ಈ ಹೆಸರು ಮುಳ್ಳಾಗಿರಲಿಲ್ಲ. ಪ್ರಧಾನಿ ಊ ನು ತಮ್ಮ ಭಾಷಣದಲ್ಲಿ ಅದನ್ನು ಬಳಸಿದ್ದರು. 1960ರ ದಶಕದ ಮೊದಲಲ್ಲಿ ಸರ್ಕಾರಿ ರೇಡಿಯೋ ರೊಹಿಂಗ್ಯಾ ಭಾಷೆಯಲ್ಲಿ ಕಾರ್ಯಕ್ರಮ ಕೊಡುತ್ತಿತ್ತು. ಸೈನ್ಯ ಗದ್ದುಗೆಗೆ ಬಂದ ಮೇಲೆ ಒಂದೊಂದಾಗಿ ಎಲ್ಲ ನಿಂತಿತು. 1978ರಲ್ಲಿ ‘ನಾಗಮಿನ್’ ಕಾರ್ಯಾಚರಣೆಗೆ ಹೆದರಿ ಸುಮಾರು ಎರಡು ಲಕ್ಷ, 1991-92ರಲ್ಲಿ ಎರಡೂವರೆ ಲಕ್ಷ ಜನ ಓಡಿಹೋದರು. ಸರ್ಕಾರ ಒಪ್ಪಿಕೊಂಡ 135 ಜನಾಂಗಗಳ ಪಟ್ಟಿಯಲ್ಲಿ ಇವರ ಹೆಸರಿಲ್ಲ.

2014ರ ಜನಗಣತಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಎಚ್ಚರಿಕೆಯ ಗಂಟೆ ಅಲ್ಲಿ ಎಲ್ಲರಿಗೂ ಕೇಳುವಂತೆ ಹೊಡೆದಿತ್ತು. ಮೂವತ್ತು ವರ್ಷಗಳ ನಂತರ ನಡೆದ ಆ ಗಣತಿಗೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿತ್ತು. ಪ್ರತಿಯೊಬ್ಬರೂ ತಮ್ಮ ಜನಾಂಗದ ಹೆಸರನ್ನು ತಾವೇ ಹೇಳಬಹುದು ಎಂಬ ಭರವಸೆಯನ್ನೂ ಸರ್ಕಾರ ಕೊಟ್ಟಿತ್ತು. ಗಣತಿ ಶುರುವಾಗುವ ಹಿಂದಿನ ದಿನ ಆ ಭರವಸೆ ಬಿದ್ದುಹೋಯಿತು. ರೊಹಿಂಗ್ಯಾ ಎಂದರೆ ಬರೆದುಕೊಳ್ಳುವುದಿಲ್ಲ ಎಂಬ ಘೋಷಣೆ ಬಂತು. ಗಣತಿದಾರರು ಮನೆಬಾಗಿಲಲ್ಲಿ ನಿಂತು ಜನಾಂಗ ಯಾವುದೆಂದು ಕೇಳಿದರು, ರೊಹಿಂಗ್ಯಾ ಎಂಬ ಉತ್ತರ ಬಂದ ಕೂಡಲೇ ಮುಂದಿನ ಪ್ರಶ್ನೆ ಕೇಳದೆ ಹೊರಟರು. ಹೀಗೆ ರಖೈನ್‌ನಲ್ಲಿ ಲೆಕ್ಕದಿಂದ ಹೊರಗುಳಿದವರು ಅಂದಾಜು 10 ಲಕ್ಷ 90 ಸಾವಿರ. ಅವರ ಮನೆ ಎಷ್ಟು, ಮಕ್ಕಳೆಷ್ಟು, ಕುಡಿಯುವ ನೀರು ಎಲ್ಲಿಂದ ಎಂಬುದಕ್ಕೆ ದೇಶದ ಕಾಗದದಲ್ಲಿ ಉತ್ತರವೇ ಇಲ್ಲವಾಯಿತು. ಲೆಕ್ಕಕ್ಕೇ ಇಲ್ಲದವರು ಕಾಣೆಯಾದರೆ ಲೆಕ್ಕ ಕೇಳುವವರು ಯಾರು?

ಸರ್ಕಾರ ಕೊಟ್ಟ ಹೆಸರನ್ನು ಒಪ್ಪಿಕೊಂಡಿದ್ದರೆ ಬದುಕಿಕೊಳ್ಳಬಹುದಿತ್ತಲ್ಲ ಎನ್ನುವವರಿದ್ದಾರೆ. ಅದೇ ವರ್ಷ ಮ್ಯೆಬೋನ್ ಎಂಬಲ್ಲಿ ನಡೆದ ಪ್ರಾಯೋಗಿಕ ಪೌರತ್ವ ಪರಿಶೀಲನೆಯಲ್ಲಿ ‘ಬೆಂಗಾಲಿ’ ಎಂದು ಬರೆಸಿಕೊಳ್ಳುವುದೇ ಷರತ್ತಾಗಿತ್ತು. ಬರೆಸಿಕೊಂಡವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಪೌರತ್ವವೂ ಸಿಕ್ಕಿತು. ಆದರೆ 2012ರ ಗಲಭೆಯ ನಂತರ ಅವರನ್ನು ಕೂಡಿಹಾಕಿದ್ದ ಶಿಬಿರದ ಬೇಲಿ ಸರಿಯಲಿಲ್ಲ. ತಲೆಬಾಗಿದವರಿಗೂ ಬಿಡುಗಡೆ ಇರಲಿಲ್ಲ.

ನಂತರದ ಹೆಜ್ಜೆಗಳು ಬೇಗ ಬೇಗ ಬಿದ್ದವು. 2015ರ ಮಾರ್ಚ್ 31ಕ್ಕೆ ರೊಹಿಂಗ್ಯಾಗಳ ಬಿಳಿ ಗುರುತಿನ ಚೀಟಿ ರದ್ದಾಯಿತು, ಅದೇ ವರ್ಷದ ಚುನಾವಣೆಯಲ್ಲಿ ಮತವೂ ಹೋಯಿತು. ಆ ಚುನಾವಣೆ ಗೆದ್ದ ಆಂಗ್ ಸಾನ್ ಸೂಕಿ ಅವರಿಂದ ಜಗತ್ತು ಬಹಳ ನಿರೀಕ್ಷಿಸಿತ್ತು. 2016ರಲ್ಲಿ ಅವರ ಸರ್ಕಾರ ‘ರಖೈನ್‌ನಲ್ಲಿರುವ ಇಸ್ಲಾಂ ಧರ್ಮೀಯರು’ ಎಂದಷ್ಟೇ ಹೇಳಿ ಎಂದು ಅಧಿಕಾರಿಗಳಿಗೆ ಸೂಚಿಸಿತು, ರೊಹಿಂಗ್ಯಾ ಪದ ಬೇಡವೆಂದು ಅಮೆರಿಕದ ರಾಯಭಾರಿಯನ್ನೂ ಕೇಳಿಕೊಂಡಿತು. ಕೋಫಿ ಅನ್ನಾನ್ ನೇತೃತ್ವದ ಆಯೋಗ ಕೂಡ ಅವರ ಕೋರಿಕೆಗೆ ಮಣಿದು ‘ರೊಹಿಂಗ್ಯಾ’, ‘ಬೆಂಗಾಲಿ’ ಎರಡನ್ನೂ ಬಿಟ್ಟು ‘ಮುಸ್ಲಿಮರು’ ಎಂದು ಬರೆಯಿತು. ಆ ವರದಿ ಹೊರಬಂದದ್ದು 2017ರ ಆಗಸ್ಟ್ 24ರಂದು. ಮರುದಿನ ನಸುಕಿನಲ್ಲಿ ಅರ್ಸಾ ಎಂಬ ಶಸ್ತ್ರಸಜ್ಜಿತ ಗುಂಪು ಪೊಲೀಸ್ ಚೌಕಿಗಳ ಮೇಲೆ ದಾಳಿ ಮಾಡಿತು. ಅದನ್ನು ನೆಪ ಮಾಡಿಕೊಂಡ ಸೈನ್ಯ ಹಳ್ಳಿಹಳ್ಳಿಗಳನ್ನೇ ಸುಟ್ಟಿತು. ಏಳು ಲಕ್ಷಕ್ಕೂ ಹೆಚ್ಚು ಜನ ನಾಫ್ ನದಿ ದಾಟಿ ಕಾಕ್ಸ್ ಬಜಾರ್ ಸೇರಿದರು.

ಮೌನವೂ ಇದರಲ್ಲಿ ಭಾಗಿಯಾಗಿತ್ತು. ಸರ್ಕಾರದ ಮನಸ್ಸು ನೋಯಿಸಿದರೆ ಒಳಗಿನ ಕೆಲಸ ಕೆಡುತ್ತದೆಂದು ಹಲವು ರಾಯಭಾರಿಗಳು, ನೆರವಿನ ಸಂಸ್ಥೆಗಳು ಆ ಹೆಸರನ್ನು ನುಂಗಿಕೊಂಡವು. ಮ್ಯಾನ್ಮಾರ್ ವಿಷಯದಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯೇ ಸೋತಿತ್ತು ಎಂದು ಅದು ನೇಮಿಸಿದ ಗೆರ್ಟ್ ರೋಸೆಂತಾಲ್ 2019ರ ವರದಿಯಲ್ಲಿ ಒಪ್ಪಿಕೊಂಡರು. ಅಂತರರಾಷ್ಟ್ರೀಯ ನ್ಯಾಯಾಲಯ 2020ರ ಜನವರಿ 23ರ ಆದೇಶದಲ್ಲಿ ಈ ಗೊಂದಲವನ್ನು ಸರಳವಾಗಿ ಬಗೆಹರಿಸಿತು: ತಮ್ಮನ್ನು ರೊಹಿಂಗ್ಯಾ ಎಂದು ಗುರುತಿಸಿಕೊಳ್ಳುವ ಗುಂಪೇ ರೊಹಿಂಗ್ಯಾ. ಇಷ್ಟು ಹೇಳಲು ಮೊದಲೇ ಹಲವರಿಗೆ ಬಾಯಿ ಬರಲಿಲ್ಲ ಎಂಬುದು ಈಗಲೂ ಸಂಕಟದ ಸಂಗತಿ.

ಅವರಿಗೆ ಎಲ್ಲೂ ನೆಟ್ಟಗಿನ ಹೆಸರಿಲ್ಲ. ಆಶ್ರಯ ಕೊಟ್ಟ ಬಾಂಗ್ಲಾದೇಶದ ಕಾಗದಗಳಲ್ಲಿ ಅವರು ‘ಬಲವಂತವಾಗಿ ಸ್ಥಳಾಂತರಗೊಂಡ ಮ್ಯಾನ್ಮಾರ್ ಪ್ರಜೆಗಳು’, ನಿರಾಶ್ರಿತರಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ ಭಾರತದಲ್ಲಿ ಅವರು ‘ಅಕ್ರಮ ವಲಸಿಗರು’. ಬೆಂಗಳೂರಿನಲ್ಲಿ 72 ಮಂದಿ ರೊಹಿಂಗ್ಯಾಗಳನ್ನು ಗುರುತಿಸಲಾಗಿದೆ ಎಂದು 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ನಗರದ ಕಸ ಆಯ್ದು ಬದುಕುವ ಈ ಬೆರಳೆಣಿಕೆಯ ಕುಟುಂಬಗಳ ಮೇಲೆ ಎದ್ದ ಗದ್ದಲ ಆ ಸಂಖ್ಯೆಗೆ ತಕ್ಕದ್ದಾಗಿರಲಿಲ್ಲ.

ಭಾರತ ಮ್ಯಾನ್ಮಾರ್ ಅಲ್ಲ. ಇಲ್ಲಿ ನ್ಯಾಯಾಲಯಗಳಿವೆ, ಚುನಾವಣೆಯಿದೆ, ಪ್ರಶ್ನೆ ಕೇಳುವ ಬಾಯಿಗಳಿವೆ. ಅಕ್ರಮವಾಗಿ ಬಂದವರನ್ನು ಕಾನೂನಿನ ದಾರಿಯಲ್ಲಿ ಪತ್ತೆಹಚ್ಚುವ ಹಕ್ಕು ಸರ್ಕಾರಕ್ಕೆ ಇದ್ದೇ ಇದೆ. ಆತಂಕ ಇರುವುದು ಪತ್ತೆಗೆ ಮೊದಲೇ ಅಂಟಿಸುವ ಹೆಸರಿನ ಬಗ್ಗೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಗುಡಿಸಲುಗಳನ್ನು ನೆಲಸಮ ಮಾಡಿದರು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗರು ಎಂಬ ಮಾತು ವಿಡಿಯೊ ಸಮೇತ ಹರಿದಾಡಿತ್ತು. ಬೀದಿಗೆ ಬಿದ್ದವರು ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರು. ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಅವರಲ್ಲಿದ್ದರು. ಆಧಾರ್, ಮತದಾರರ ಚೀಟಿ ಹಿಡಿದು ನಿಂತವರ ಮಾತು ಯಾರೂ ಕೇಳಲಿಲ್ಲ. ಕಡೆಗೆ ಹೈಕೋರ್ಟ್ ತಡೆ ನೀಡಬೇಕಾಯಿತು.

ಆಮೇಲೆ ಈ ರೋಗ ಹರಡಿದೆ. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಬ್ಬಿದವರಲ್ಲಿ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರಿದ್ದರು. ಕಲ್ಕತ್ತಾ ಹೈಕೋರ್ಟ್ ಆ ಗಡಿಪಾರನ್ನು ರದ್ದುಪಡಿಸಿದ ಮೇಲೂ ಆಕೆ ಎಂಟು ವರ್ಷದ ಮಗನೊಡನೆ ಮರಳಿದ್ದು ಡಿಸೆಂಬರ್‌ನಲ್ಲಿ. ಅದೇ ವರ್ಷ ದೆಹಲಿ ಪೊಲೀಸರ ಪತ್ರವೊಂದು ಬಂಗಾಳಿಯನ್ನು ‘ಬಾಂಗ್ಲಾದೇಶಿ ಭಾಷೆ’ ಎಂದು ಕರೆಯಿತು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ, 2011ರ ಗಣತಿಯಲ್ಲಿ 9.7 ಕೋಟಿ ಭಾರತೀಯರು ತಾಯ್ನುಡಿ ಎಂದು ಬರೆಸಿದ ಭಾಷೆ ಅದು! ಜನಗಣತಿಯಲ್ಲಿ ಬಂಗಾಳಿಯನ್ನು ಮಾತೃಭಾಷೆ ಎಂದು ಬರೆಸಿದರೆ ರಾಜ್ಯದಲ್ಲಿ ವಿದೇಶಿಯರೆಷ್ಟು ಎಂಬುದು ತಿಳಿಯುತ್ತದೆ ಎಂದು ಅಸ್ಸಾಂ ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮ 2025ರ ಜುಲೈನಲ್ಲಿ ಹೇಳಿದರು. ವಿದ್ಯಾರ್ಥಿ ಮುಖಂಡರೊಬ್ಬರ ಹೇಳಿಕೆಗೆ ಕೊಟ್ಟ ಉತ್ತರ ಅದು. ಯಾರಿಗೆ ಉತ್ತರವಾದರೂ, ತಾಯ್ನುಡಿಯನ್ನು ಪರದೇಶದ ಗುರುತಾಗಿ ಎಣಿಸುವ ಮಾತು ಮುಖ್ಯಮಂತ್ರಿಯ ಬಾಯಲ್ಲಿ ಬರಬಾರದಿತ್ತು. ಭಾಷೆ ಗಡಿ ನೋಡಿ ಹುಟ್ಟುವುದಿಲ್ಲ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡ ಜನಗಣತಿ ನಮ್ಮದು. ಈ ದೇಶದ ಗಣತಿಗೆ ಒಂದು ಒಳ್ಳೆಯ ಪದ್ಧತಿಯಿದೆ: ಮಾತೃಭಾಷೆಯ ಅಂಕಣದಲ್ಲಿ ಜನ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. 2011ರಲ್ಲಿ ಹಾಗೆ ಬಂದ ಹೆಸರುಗಳು 19,569. ಅವನ್ನು ಜರಡಿ ಹಿಡಿದು 121 ಭಾಷೆಗಳಡಿ ತಂದದ್ದು ಆಮೇಲಿನ ಕೆಲಸ. ಈ ಪದ್ಧತಿಯನ್ನು ಈ ಸಲ ಯಾರೂ ಮುಕ್ಕುಮಾಡದಂತೆ ಕಾಯಬೇಕು. ಗಣತಿದಾರರಾಗಿ ಬರುವ ನಮ್ಮ ಶಿಕ್ಷಕರು ಬಂಗಾಳಿ ಎಂದವರ ಮುಂದೆ ಬಂಗಾಳಿ ಎಂದೇ ಬರೆಯಲಿ, ಮುಖ ನೋಡಿ ಅಂಕಣ ತುಂಬುವುದು ಬೇಡ. ವಿಚಾರಣೆ ಮುಗಿಯುವ ತನಕ ಯಾರನ್ನೂ ಬೇರೆ ದೇಶದವರೆಂದು ಕಾಗದದಲ್ಲಿ ಬರೆಯಬಾರದೆಂದು ಗೃಹ ಇಲಾಖೆ ಠಾಣೆಗಳಿಗೆ ಲಿಖಿತ ಸೂಚನೆ ಕೊಡಲಿ. ಪತ್ರಿಕೆಗಳೂ ಚಾನೆಲ್‌ಗಳೂ ‘ಬಾಂಗ್ಲಾ ನುಸುಳುಕೋರರು’ ಎಂಬ ತಲೆಬರಹ ಹಾಕುವ ಮುನ್ನ ನ್ಯಾಯಾಲಯದ ಆದೇಶ ಇದೆಯೇ ಎಂದು ವಿಚಾರಿಸಲಿ. ನಿಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮನೆಗೆಲಸದವರನ್ನೋ ಕಸ ಆಯುವವರನ್ನೋ ಯಾರಾದರೂ ಬಾಂಗ್ಲಾದೇಶಿ ಎಂದು ಬರೆದರೆ ದಯವಿಟ್ಟು ಸುಮ್ಮನಿರಬೇಡಿ. ಆ ಜನರ ಊರು ಯಾವುದೆಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಗುಂಪಿನಲ್ಲಿ ಬರೆಯಿರಿ.