ಲುಂಗಿಗೆ ಜೇಬು ಬೇಕು: ನಿರಿಗೆ ಲುಂಗಿಯವರ ಪ್ರಣಾಳಿಕೆ

ಹೈದರಾಬಾದಿನಲ್ಲಿ ನೆಲೆ ನಿಂತ ಕನ್ನಡದ ಗಂಡಸರು ನಾವು. ನಮ್ಮಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯವರೇ ಹೆಚ್ಚು. 1948ರವರೆಗೆ ಆ ಜಿಲ್ಲೆಗಳೂ ಇದೇ ನಿಜಾಮನ ರಾಜ್ಯದಲ್ಲಿದ್ದವು, ಹಾಗಾಗಿ ಈ ಊರು ನಮಗೆ ಪರದೇಶವಲ್ಲ. ಸಂಜೆ ಮನೆಗೆ ಬಂದ ಕೂಡಲೇ ಪ್ಯಾಂಟು ಕಳಚಿ ಲುಂಗಿ ಸುತ್ತುತ್ತೇವೆ. ಬಾಗಿಲ ಬೆಲ್ ಹೊಡೆದುಕೊಂಡರೆ ಮತ್ತೆ ಪ್ಯಾಂಟಿಗೆ ಓಡುತ್ತೇವೆ. ಈ ಓಟ ನಿಲ್ಲಬೇಕು, ಅದಕ್ಕೇ ಈ ಚಳವಳಿ. ನಿರಿಗೆ ಹಿಡಿದು ಹೊಲಿದ, ಜೇಬಿಟ್ಟ, ಬಕಲ್ ಹಾಕಿದ, ಮೊಣಕಾಲಿನವರೆಗಿನ ಉಡುಪಿನಲ್ಲಿ ಇನ್ನು ಮುಂದೆ ಆಫೀಸಿಗೂ ಬ್ಯಾಂಕಿಗೂ ಬೀಗರ ಮನೆಗೂ ಹೋಗುತ್ತೇವೆ. ಸ್ಕಾಟ್ಲೆಂಡಿನಲ್ಲಿ ಇಂಥದ್ದಕ್ಕೆ ಕಿಲ್ಟ್ ಅನ್ನುತ್ತಾರೆ. ನಾವು ನಿರಿಗೆ ಲುಂಗಿ ಎಂದು ಕರೆದಿದ್ದೇವೆ.

ದೇವೇಗೌಡರು 1996ರಲ್ಲಿ ಪ್ರಧಾನಿಯಾದದ್ದು ಪಂಚೆ ಉಟ್ಟುಕೊಂಡೇ. ವೈ.ಎಸ್. ರಾಜಶೇಖರ ರೆಡ್ಡಿಯವರು 2004ರಿಂದ 2009ರವರೆಗೆ ಇದೇ ಊರಲ್ಲಿ ಕೂತು ರಾಜ್ಯ ಆಳಿದ್ದು ಪಂಚೆಕಟ್ಟಿನಲ್ಲೇ. ಇತ್ತ ಬೇಗಂ ಬಜಾರಿನ ಹಮಾಲಿ ಲುಂಗಿ ಎತ್ತಿಕಟ್ಟಿ ಮೂಟೆ ಹೊರುತ್ತಾನೆ. ಗದ್ದುಗೆಯವರಿಗೆ ನಡೆಯುತ್ತದೆ, ಕೂಲಿಯವರಿಗೂ ನಡೆಯುತ್ತದೆ; ತಿಂಗಳ ಸಂಬಳದವನಿಗೆ ಮಾತ್ರ ನಡೆಯುವುದಿಲ್ಲ. ಅವನು ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲೂ ಪಾಲಿಯೆಸ್ಟರ್ ಪ್ಯಾಂಟಿನೊಳಗೆ ಬೇಯಬೇಕು.

ಬಾಗಿಲು ಕಾಯುವವರ ಕಥೆ ಎಲ್ಲರಿಗೂ ಗೊತ್ತಿರುವುದೇ. 2014ರಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದರ ಸಮಾರಂಭಕ್ಕೆ ವೇಷ್ಟಿಯಲ್ಲಿ ಹೋದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ತಡೆದರು. ತಮಿಳುನಾಡು ಅದೇ ವರ್ಷ ಇದರ ವಿರುದ್ಧ ಕಾನೂನು ಮಾಡಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿಗೆ ಮಗನ ಜತೆ ಸಿನಿಮಾ ನೋಡಲು ಹೋದ ಹಾವೇರಿ ಕಡೆಯ ಹಿರಿಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಹೊರಗೆ ನಿಲ್ಲಿಸಿದರು. ಮಾತು ವಿಧಾನಸಭೆಗೆ ಹೋಗಿ ಮಾಲಿಗೆ ಬೀಗ ಬಿತ್ತು. ಒಳ್ಳೆಯದೇ ಆಯಿತು. ಆದರೆ ಕಾನೂನು, ಬೀಗ ಎರಡೂ ನಮ್ಮ ಲುಂಗಿಗೆ ಜೇಬು ಹೊಲಿದು ಕೊಡುವುದಿಲ್ಲ.

ಯಾಕೆಂದರೆ ತಪ್ಪು ಪೂರ್ತಿ ಬಾಗಿಲು ಕಾಯುವವನದಲ್ಲ, ಲುಂಗಿಯದೂ ಇದೆ. ಫೋನು, ಬೀಗದ ಕೈ, ಮೆಟ್ರೊ ಕಾರ್ಡು ಎಲ್ಲಿಡಬೇಕು? ಫ್ಲೈಓವರ್ ಮೇಲೆ ಸ್ಕೂಟರಿನಲ್ಲಿ ಹೋಗುವಾಗ ಗಾಳಿ ಏನು ಮಾಡುತ್ತದೆ ಎಂದು ಹೇಳಬೇಕಾಗಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತಾಗ ಒಂದು ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತದಲ್ಲ, ಆ ಭಯವೇ ನಮ್ಮನ್ನು ಪ್ಯಾಂಟಿಗೆ ದೂಡಿದ್ದು. ತಮಿಳುನಾಡಿನ ಕಂಪನಿಗಳು ವೆಲ್ಕ್ರೊ ಪಂಚೆ, ಜೇಬಿನ ಪಂಚೆ ಮಾಡಿ ಮಾರುತ್ತಿವೆ. ಮದುವೆ ಮನೆಗೆ ಅದು ಸಾಕು, ಬಸ್ಸು ಹತ್ತಿ ಇಳಿಯುವವನಿಗೆ ಸಾಲದು.

ಸ್ಕಾಟರೂ ಮೊದಲು ಸುತ್ತುತ್ತಿದ್ದರು. ಉದ್ದನೆಯ ಬಟ್ಟೆಯನ್ನು ಕೈಯಲ್ಲೇ ನಿರಿಗೆ ಹಿಡಿದು, ಸೊಂಟಕ್ಕೆ ಬೆಲ್ಟು ಬಿಗಿದು, ಮಿಕ್ಕಿದ್ದನ್ನು ಹೆಗಲಿಗೆ ಹಾಕುವುದು ಅವರ ಹಳೆಯ ಪದ್ಧತಿ. 18ನೇ ಶತಮಾನದಲ್ಲಿ ಮೇಲಿನ ಅರ್ಧ ಹೋಯಿತು. ಆ ಶತಮಾನದ ಕೊನೆಗೆ ನಿರಿಗೆಗೆ ಹೊಲಿಗೆ ಬಿತ್ತು. ನಡುವೆ 1746ರ ಕಾನೂನು ಆ ಉಡುಪನ್ನೇ ನಿಷೇಧಿಸಿತ್ತು: ಮೊದಲ ಸಲ ಸಿಕ್ಕರೆ ಆರು ತಿಂಗಳ ಜೈಲು, ಎರಡನೇ ಸಲಕ್ಕೆ ಏಳು ವರ್ಷ ಗಡೀಪಾರು. 1782ರಲ್ಲಿ ಅದು ರದ್ದಾಯಿತು. ಅಮೆರಿಕದ ಸಿಯಾಟಲ್‌ನಲ್ಲಿ 2000ರಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಕಂಪನಿ ದಪ್ಪ ಹತ್ತಿಬಟ್ಟೆಗೆ ದೊಡ್ಡ ದೊಡ್ಡ ಜೇಬಿಟ್ಟು ಕೆಲಸಗಾರರಿಗೆಂದೇ ಕಿಲ್ಟ್ ಹೊಲಿಯಿತು. ನಮಗೆ ಬೇಕಾದದ್ದು ಈ ಕೊನೆಯ ಪಾಠ. ಬ್ಯಾಗ್‌ಪೈಪು, ಮನೆತನಕ್ಕೊಂದು ಬಣ್ಣದ ಚೌಕಳಿ, ತುಪ್ಪಳದ ಚೀಲ ಅವರಿಗೇ ಇರಲಿ.

ಧೈರ್ಯಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚಾರ್‌ಮಿನಾರ್‌ನಿಂದ ದಕ್ಷಿಣಕ್ಕೆ ಹೋದರೆ ಬಾರ್ಕಸ್ ಸಿಗುತ್ತದೆ. ನಿಜಾಮನ ಸೈನ್ಯಕ್ಕೆ ಯೆಮೆನ್‌ನ ಹದ್ರಮೌತ್‌ನಿಂದ ಬಂದ ಅರಬರ ಬ್ಯಾರಕ್ಸೇ ಇವತ್ತಿನ ಬಾರ್ಕಸ್. ಅವರ ಮೊಮ್ಮಕ್ಕಳು ಇವತ್ತಿಗೂ ಲುಂಗಿಯಲ್ಲೇ ಬಜಾರಿಗೆ ಬರುತ್ತಾರೆ, ಹೋಟೆಲಿನಲ್ಲಿ ಕೂರುತ್ತಾರೆ. ಅಲ್ಲಿ ಪ್ಯಾಂಟಿನವನೇ ಹೊರಗಿನವನ ಹಾಗೆ ಕಾಣುತ್ತಾನೆ.

ಈಗ ಹೊಲಿಗೆ. ಲುಂಗಿಯ ಉದ್ದ ಸುಮಾರು 2 ಮೀಟರ್, ಅಗಲ 48 ಅಂಗುಲ. ಅದನ್ನು ಉದ್ದಕ್ಕೆ ನಡುವೆ ಕತ್ತರಿಸಿ. 24 ಅಂಗುಲ ಅಗಲದ ಎರಡು ಪಟ್ಟಿ ಸಿಗುತ್ತವೆ. ಸೊಂಟದಿಂದ ಮೊಣಕಾಲಿಗೆ ಬೇಕಾದ್ದು ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ತುದಿಗೆ ತುದಿ ಜೋಡಿಸಿದರೆ 4 ಮೀಟರ್, ಅಂದರೆ 157 ಅಂಗುಲ. ನೇಯ್ಗೆಯ ಅಂಚು ಕೆಳಗೆ ಬರಲಿ, ಕತ್ತರಿಸಿದ ಕಡೆ ಮೇಲೆ ಸೊಂಟದ ಪಟ್ಟಿಯೊಳಗೆ ಹೋಗಲಿ. ಆಗ ಕೆಳಗೆ ಮಡಚಿ ಹೊಲಿಯುವ ಕೆಲಸವೇ ಇಲ್ಲ. ಸ್ಕಾಟ್ಲೆಂಡಿನ ಕಿಲ್ಟ್ ದರ್ಜಿಗಳೂ ಅಗಲದ ಬಟ್ಟೆಯನ್ನು ಹೀಗೇ ಸೀಳಿ ಉದ್ದ ಮಾಡಿಕೊಳ್ಳುತ್ತಾರೆ, ಅಂಚನ್ನು ಹೀಗೇ ಕೆಳಗೆ ಬಿಡುತ್ತಾರೆ.

ಸುತ್ತಳತೆ 36 ಇದ್ದವನಿಗೆ ಮುಂದೆ 18 ಅಂಗುಲದ ಎರಡು ಸಪಾಟು ಪದರ, ಒಂದರ ಮೇಲೊಂದು. ಹಿಂದೆ 18 ನಿರಿಗೆ. ಹೊರಗೆ ಕಾಣುವುದು ಒಂದೊಂದು ಅಂಗುಲ, ಒಳಗೆ ಮಡಚಿಕೊಳ್ಳುವುದು ಐದೈದು. ಒಟ್ಟು 144 ಅಂಗುಲ ಹೋಯಿತು, ಉಳಿದದ್ದು ತುದಿ ಮಡಚಲಿಕ್ಕೆ. ಜೋಡಿಸಿದ ಹೊಲಿಗೆ ಯಾವುದಾದರೊಂದು ನಿರಿಗೆಯ ಒಳಗೆ ಅಡಗಬೇಕು. ಚೌಕಳಿ ಬಟ್ಟೆಯಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ: ಒಂದು ನಿರಿಗೆಗೆ ಸರಿಯಾಗಿ ಒಂದು ಚೌಕಳಿಯಷ್ಟು ಬಟ್ಟೆ ಕೊಟ್ಟರೆ ಹಿಂದೆ ಎಲ್ಲ ನಿರಿಗೆಯ ಮೇಲೂ ಒಂದೇ ಗೆರೆ ನಿಲ್ಲುತ್ತದೆ, ಒಂದು ಅಂಗುಲ ಹೆಚ್ಚು ಕೊಟ್ಟರೆ ಮುಂದಿನ ಚೌಕಳಿಯೇ ಹಿಂದೆಯೂ ಮುಂದುವರಿಯುತ್ತದೆ. ನಿರಿಗೆಗಳಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಮೇಲಿನ ನಾಲ್ಕು ಅಂಗುಲ ಮಾತ್ರ ಗಟ್ಟಿಯಾಗಿ ಹೊಲಿಯಬೇಕು. ಸೊಂಟದ ಪಟ್ಟಿಗೆ ಬಕ್ರಂ, ಎರಡೂ ಕಡೆ ಚರ್ಮದ ಪಟ್ಟಿ, ಬಕಲ್. ವೆಲ್ಕ್ರೊಗೆ ನಮ್ಮ ವಿರೋಧವಿದೆ: ಅದು ನಾಲ್ಕು ಜನರ ನಡುವೆ ಪರ್ರೆಂದು ಸದ್ದು ಮಾಡುತ್ತದೆ. ಜೇಬುಗಳನ್ನು ನಿರಿಗೆಗೆ ಹೊಲಿಯದೆ ಸೊಂಟದ ಪಟ್ಟಿಯಿಂದ ಇಳಿಬಿಡಿ, ಇಲ್ಲದಿದ್ದರೆ ಫೋನಿನ ಭಾರಕ್ಕೆ ನಿರಿಗೆ ಬಾಯಿ ಬಿಡುತ್ತದೆ. ಮುಂದಿನ ಪದರಕ್ಕೆ ಪಿನ್ನು ಹಾಕುವುದಾದರೆ ಮೇಲಿನ ಪದರಕ್ಕೆ ಮಾತ್ರ. ಎರಡನ್ನೂ ಸೇರಿಸಿ ಚುಚ್ಚಿದರೆ ಕೂತಾಗ ಬಟ್ಟೆ ಹರಿಯುತ್ತದೆ.

ಲುಂಗಿ ಬಟ್ಟೆ ತೆಳು, ಕೈ ಪಳಗಲಿಕ್ಕೆ ಸಾಕು. ದಿನವಹಿ ಬಳಕೆಗೆ ದಪ್ಪ ಖಾದಿ, ಡ್ರಿಲ್ ಅಥವಾ ಡೆನಿಮ್ ಬೇಕು. ನಮ್ಮ ಆಸೆಯಂತೂ ಕೈಮಗ್ಗದ ಮೇಲಿದೆ. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ನಾರಾಯಣಪೇಟೆಯ ಸೀರೆಯ ಚೌಕಳಿಯನ್ನು ದಪ್ಪ ನೂಲಿನಲ್ಲಿ ನೇಯ್ದು ಕೊಡಿ ಎಂದು ಅಲ್ಲಿನ ನೇಕಾರರನ್ನು ಕೇಳುತ್ತೇವೆ. ಪೋಚಂಪಲ್ಲಿಯ ಇಕ್ಕತ್ ಕೂಡ ಆದೀತು, ಮಗ್ಗದ್ದೇ ಆಗಿರಬೇಕು. ಇಕ್ಕತ್ ಹಾಗೆ ಕಾಣುವ ಪ್ರಿಂಟು ಬೇಡ. ಪುಟ್ಟಪಾಕದ ತೇಲಿಯಾ ರುಮಾಲಿಗೆ ಮಾತ್ರ ಯಾರೂ ಕತ್ತರಿ ಹಾಕಕೂಡದು. ನೂಲನ್ನು ಎಣ್ಣೆ, ಬೂದಿಯಲ್ಲಿ ಹದ ಮಾಡಿ ನಾಲ್ಕೂ ಅಂಚು ಕೂಡುವಂತೆ ನೇಯ್ದ ಚೌಕ ಅದು. ಹೆಗಲ ಮೇಲಿರಲಿ.

ಒಳಗೇನು ಎಂದು ಕೇಳುವವರು ಇದ್ದೇ ಇರುತ್ತಾರೆ. ಪಟಾಪಟಿ ಚಡ್ಡಿ. ಮುಂದಿನ ಪ್ರಶ್ನೆ?

ಇದು ಹೆಂಗಸರ ಉಡುಪು ಎನ್ನುವವರಿಗೆ ನಮ್ಮ ಬಳಿ ವಾದವಿಲ್ಲ. ಹೆಂಗಸರು ಪ್ಯಾಂಟು ತೊಟ್ಟು ತಲೆಮಾರು ಕಳೆಯಿತು, ಯಾರ ಗಂಟೂ ಹೋಗಲಿಲ್ಲ. 2013ರ ಬೇಸಿಗೆಯಲ್ಲಿ ಸ್ಟಾಕ್‌ಹೋಮ್‌ನ ರೈಲು ಚಾಲಕರು, ಚಡ್ಡಿ ಹಾಕುವಂತಿಲ್ಲ ಎಂದಾಗ ಸ್ಕರ್ಟ್ ತೊಟ್ಟು ರೈಲು ಓಡಿಸಿದರು. ಕೊನೆಗೆ ಕಂಪನಿಯೇ ಸೋತು ಚಡ್ಡಿಗೆ ಒಪ್ಪಿತು.

ಹೈಟೆಕ್ ಸಿಟಿಯ ಕಂಪನಿಗಳನ್ನು ನಾವು ಕೇಳುವುದು ಇಷ್ಟೇ: ಉಡುಪಿನ ನಿಯಮದಲ್ಲಿ ಶುಚಿಯಾಗಿರಬೇಕು ಎಂದು ಬರೆಯಿರಿ, ಎರಡು ಕಾಲಿಗೆ ಎರಡು ತೂಬು ಇರಲೇಬೇಕು ಎಂದು ಬರೆಯಬೇಡಿ. ಕ್ಲಬ್ಬುಗಳನ್ನು ಏನೂ ಕೇಳುವುದಿಲ್ಲ, ಅಲ್ಲಿಗೆ ನಮ್ಮನ್ನು ಕರೆಯುವವರೂ ಇಲ್ಲ. ನಮ್ಮವರಿಗೆ ಎರಡು ಕಟ್ಟುಪಾಡು. ಯಾರೂ ಇದನ್ನು ಸಿದ್ಧ ಉಡುಪಾಗಿ ಆನ್‌ಲೈನಿನಲ್ಲಿ ತರಿಸಬಾರದು, ಊರಿನ ದರ್ಜಿಯ ಕೈಯಲ್ಲೇ ಹೊಲಿಸಬೇಕು. ಕೂಲಿಗೆ ಚೌಕಾಸಿ ಮಾಡಬಾರದು; 18 ನಿರಿಗೆ ಒತ್ತಿ ಹೊಲಿಯುವುದು ಪ್ಯಾಂಟಿನ ಕಾಲು ಕತ್ತರಿಸಿ ಅಲ್ಟ್ರೇಷನ್ ಮಾಡಿದ ಹಾಗಲ್ಲ.

ಓದಿದವರು ಬರುವ ಯುಗಾದಿಯೊಳಗೆ ಒಂದು ಹೊಲಿಸಿಕೊಳ್ಳಿ. ಸೂಟಿನ ಅಂಗಡಿಗೆ ಹೋಗಬೇಡಿ, ಅಲ್ಲಿ ನಕ್ಕು ಕಳಿಸುತ್ತಾರೆ. ಶಾಲೆಯ ಹುಡುಗಿಯರಿಗೆ ಯೂನಿಫಾರ್ಮ್ ಸ್ಕರ್ಟು ಹೊಲಿಯುವ ದರ್ಜಿಯನ್ನು ಹುಡುಕಿ, ಒಂದು ಲುಂಗಿ ಕೊಟ್ಟು ಮೇಲಿನ ಅಳತೆ ಓದಿ ಹೇಳಿ. ನಿರಿಗೆಯ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.