ಸ್ಟಾಕ್‌ಹೋಮನ್ನು ದೋಣಿಯಿಂದಲೇ ನೋಡಬೇಕು

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ನಮ್ಮ ಹಿರಿಯರು. ಯಾವ ವಾಹನದಲ್ಲಿ ಸುತ್ತಬೇಕೆಂದು ಅವರು ಹೇಳಲಿಲ್ಲ. ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನ ಮಟ್ಟಿಗೆ ಅದು ದೋಣಿಯೇ ಆಗಬೇಕೆಂಬುದು ನನ್ನ ಅಭಿಪ್ರಾಯ. ನಾನು ಆ ನಗರವನ್ನು ಕಂಡವನಲ್ಲ; ಭೂಪಟ ಮತ್ತು ಪುಸ್ತಕಗಳ ಮೂಲಕ ಬಲ್ಲವನು. ಆದರೆ ನಮ್ಮ ಕಾಲೇಜಿನಿಂದ ಮುಂದೆ ಯಾರಾದರೂ ಆ ಕಡೆಗೆ ಹೋದಾರು. ಅಂಥವರು ಅಂಗಡಿ ಬೀದಿಗಳನ್ನಷ್ಟೇ ಸುತ್ತಿ ಹಿಂತಿರುಗಬಾರದೆಂದು ಈ ಮಾತು.

ಮೊದಲನೆಯ ಕಾರಣ ಭೂಗೋಳದ್ದು. ಈ ನಗರ ಹರಡಿರುವುದು 14 ದ್ವೀಪಗಳ ಮೇಲೆ. ಪಶ್ಚಿಮಕ್ಕೆ ಮೆಲಾರೆನ್ ಸರೋವರದ ಸಿಹಿನೀರು, ಪೂರ್ವಕ್ಕೆ ಬಾಲ್ಟಿಕ್ ಸಮುದ್ರ. ಅದರಾಚೆ ಸುಮಾರು 30,000 ದ್ವೀಪಗಳೂ ಬಂಡೆಗಳೂ ಚೆಲ್ಲಿಕೊಂಡಿವೆ. ಹಿಮಯುಗದಲ್ಲಿ ಮಂಜುಗಡ್ಡೆಯ ಭಾರಕ್ಕೆ ಕುಸಿದಿದ್ದ ಈ ನೆಲ, ಭಾರ ಕರಗಿದ ಮೇಲೆ ಇಂದಿಗೂ ವರ್ಷಕ್ಕೆ ಸುಮಾರು 5 ಮಿಲಿಮೀಟರಿನಂತೆ ಮೇಲೇಳುತ್ತಿದೆ. ಈಗಿನ ಸರೋವರ ಹಿಂದೊಮ್ಮೆ ಸಮುದ್ರದ ಕೊಲ್ಲಿಯಾಗಿತ್ತು! ಹಿಮ ಉಜ್ಜಿ ನುಣುಪಾಗಿಸಿದ ಬಂಡೆಗಳು ದೋಣಿಯ ಪಕ್ಕದಲ್ಲೇ ಕಾಣುತ್ತವೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದನ್ನು ಅಲ್ಲಿ ಕಣ್ಣಾರೆ ಓದಬಹುದು.

ಎರಡನೆಯದು ಇತಿಹಾಸದ್ದು. 1628ರಲ್ಲಿ ವಾಸಾ ಎಂಬ ಭವ್ಯವಾದ ಯುದ್ಧನೌಕೆ ತನ್ನ ಮೊದಲ ಯಾನದಲ್ಲೇ, ಒಂದು ಮೈಲಿಯನ್ನೂ ದಾಟದೆ, ಈ ಬಂದರಿನಲ್ಲಿ ಮುಳುಗಿತು. ಮೇಲ್ಭಾರ ಹೆಚ್ಚಾದದ್ದೇ ಕಾರಣ. 1961ರಲ್ಲಿ ಅದನ್ನು ಮೇಲೆತ್ತಿದರು; ಈಗ ದಡದ ವಸ್ತುಸಂಗ್ರಹಾಲಯದಲ್ಲಿದೆ. ಆಡಂಬರದ ನೌಕೆ ಎಷ್ಟು ಅಲ್ಪ ದೂರ ಸಾಗಿತೆಂಬುದು ಅದೇ ನೀರಿನ ಮೇಲೆ ಹೋಗುವವನಿಗೆ ಚೆನ್ನಾಗಿ ತಿಳಿಯುತ್ತದೆ.

ಇದೆಲ್ಲ ಹಣವಂತರ ಶೋಕಿಯೆಂದು ಕೆಲವು ಮಿತ್ರರು ಆಕ್ಷೇಪಿಸಬಹುದು. ನೂರಾರು ಕೊಠಡಿಗಳ ಭಾರಿ ಹಡಗುಗಳ ಬಗ್ಗೆ ಆ ಮಾತು ಒಪ್ಪತಕ್ಕದ್ದೇ. ಅವುಗಳ ಅಲೆಗಳು ಕಿರಿದಾದ ಜಲಮಾರ್ಗಗಳ ದಡವನ್ನು ಕೊರೆಯುತ್ತವೆ ಕೂಡ. ನಾನು ಹೇಳುವುದು ದ್ವೀಪವಾಸಿಗಳನ್ನೂ ಅವರ ಸಾಮಾನುಗಳನ್ನೂ ಸಾಗಿಸುವ ಸಾಧಾರಣ ದೋಣಿಗಳ ವಿಷಯ. 1869ರಲ್ಲಿ ಹುಟ್ಟಿದ ವಾಕ್ಸ್‌ಹೋಮ್ ಕಂಪನಿಯ ದೋಣಿಗಳು ಈ ಕೆಲಸವನ್ನು ಇಂದಿಗೂ ಮಾಡುತ್ತಿವೆ. ನಮ್ಮ ಹಳ್ಳಿಗಳಿಗೆ ಬಸ್ಸು ಹೇಗೋ ಆ ದ್ವೀಪಗಳಿಗೆ ಇವು ಹಾಗೆ. ಜನಜೀವನವನ್ನು ಅರಿಯಲು ಜನರೊಡನೆ ಕುಳಿತು ಹೋಗುವುದಕ್ಕಿಂತ ಒಳ್ಳೆಯ ದಾರಿಯುಂಟೆ? ಜೂನ್ ತಿಂಗಳಲ್ಲಾದರೆ ಅಲ್ಲಿ ಹಗಲು 18 ಗಂಟೆಗೂ ಮಿಕ್ಕಿರುತ್ತದೆ. ನೋಡಲು ಬೆಳಕಿನ ಬಡತನವಿಲ್ಲ.

ಸುಮ್ಮನೆ ನೀರು ನೋಡಿದರೆ ಬಂದ ಭಾಗ್ಯವೇನೆಂದು ಕೇಳುವವರೂ ಉಂಟು. 1921ರಲ್ಲಿ ಸಿ. ವಿ. ರಾಮನ್ ಅವರು ಇಂಗ್ಲೆಂಡಿನಿಂದ ಮರಳುವಾಗ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿದರು. ಆ ಬಣ್ಣವೇಕೆಂದು ಕೇಳಿಕೊಂಡರು. ಅಲ್ಲಿಂದ ಬೆಳೆದ ಬೆಳಕಿನ ಅಧ್ಯಯನವೇ 1930ರಲ್ಲಿ ಅವರನ್ನು ನೊಬೆಲ್ ಪಾರಿತೋಷಕಕ್ಕಾಗಿ ಇದೇ ಸ್ಟಾಕ್‌ಹೋಮಿಗೆ ಕರೆದೊಯ್ದಿತು. ನಾವೆಲ್ಲ ರಾಮನ್ ಆಗಲಾರೆವು. ಆದರೆ ದೋಣಿಯ ಅಂಚಿನಲ್ಲಿ ನಿಂತು ಒಂದು ಪ್ರಶ್ನೆ ಕೇಳುವುದು ನಮ್ಮಿಂದಲೂ ಆದೀತು. ಹೋಗುವ ಮಿತ್ರರು ಅರ್ಧ ದಿನವನ್ನು ಅದಕ್ಕಾಗಿ ಮೀಸಲಿಡಲಿ.